ಗಾಳಿಗೆ ಗುದ್ದಿದವರು

"ಎಲ್ಲ ಬೈಕ್ ಸವಾರರಿಗೂ ತುರ್ತು ಎಚ್ಚರಿಕೆ. ಮುಂದೆ ಗಾಜಿಲ್ಲದ ಬೈಕಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವವರ ಎದೆಯ ಮೇಲೆ ಗಾಳಿಯು 200 ಕಿಲೋ ಭಾರ ಹೇರುತ್ತದೆ. ಹ್ಯಾಂಡಲನ್ನು ಶಕ್ತಿಮೀರಿ ಬಿಗಿಯಾಗಿ ಹಿಡಿಯಿರಿ. ಹೆಲ್ಮೆಟ್ಟಿನ ಪಟ್ಟಿಯನ್ನು ಸಡಿಲ ಬಿಡಿ, ಇಲ್ಲವಾದರೆ ಕುತ್ತಿಗೆ ಮುರಿಯುತ್ತದೆ. ದೊಡ್ಡ ಲಾರಿಯ ಬೆನ್ನಿಗೇ ಸಾಗಿದರೆ ಗಾಳಿ ತಾಗುವುದಿಲ್ಲ. ನಿಮ್ಮವರ ಜೀವ ಉಳಿಸಲು ಹತ್ತು ಗುಂಪುಗಳಿಗೆ ಕಳುಹಿಸಿ."

ನಿಗಡಿಯ ಕಾಕಾ ಇದನ್ನು ನಮ್ಮ ಕುಟುಂಬದ ಗುಂಪಿಗೆ ಹಾಕಿದ್ದು ಗುರುವಾರ ಬೆಳಿಗ್ಗೆ, ಅವರ ವಾಕಿಂಗ್ ಮತ್ತು ಚಹಾದ ನಡುವಿನ ಹೊತ್ತಿನಲ್ಲಿ. ಪುಣೆಯ ವಾರ್ಜೆಯಲ್ಲಿರುವ ನನ್ನ ತಂಗಿ ಶನಿವಾರ ತನ್ನ ಬೈಕಿನಲ್ಲಿ ಬೆಳಗಾವಿಗೆ ಹೊರಡುವವಳಿದ್ದಾಳೆ ಎಂಬ ಸುದ್ದಿ ಹಿಂದಿನ ರಾತ್ರಿಯಷ್ಟೇ ಅವರ ಕಿವಿಗೆ ಬಿದ್ದಿತ್ತು. ಆಕೆಯ ಬೈಕಿಗೆ ಗಾಜೂ ಇಲ್ಲ, ಗಾಳಿ ಸೀಳುವ ಮುಂಭಾಗದ ಹೊದಿಕೆಯಾದ ಫೇರಿಂಗೂ ಇಲ್ಲ. ಹ್ಯಾಂಡಲ್ ಅಗಲ, ಸೀಟು ನೆಟ್ಟಗೆ, ಸವಾರಳ ಎದೆ ಗಾಳಿಗೆ ನೇರ. ಅಪ್ಪ ಒಪ್ಪಿದ ಮೇಲೆ ಬೇಡವೆನ್ನಲು ಕಾಕಾಗೆ ಬಾಯಿ ಬರಲಿಲ್ಲ, ಮತ್ತು ನಮ್ಮ ಮನೆತನದಲ್ಲಿ ಬಾಯಿ ಬಾರದ ಮಾತನ್ನು ಹೇಳುವ ಕೆಲಸವನ್ನು ಕೆಲವು ವರ್ಷಗಳಿಂದ ಫಾರ್ವರ್ಡುಗಳೇ ಮಾಡುತ್ತಿವೆ.

ಹತ್ತು ನಿಮಿಷದೊಳಗೆ ಏಳೆಂಟು ಕೈಮುಗಿದ ಚಿತ್ರಗಳು ಬಂದವು. ದಾದರಿನ ಅತ್ಯಾ ಸಂದೇಶವನ್ನು ಪೂರ್ತಿ ಓದಿದ್ದರೆಂದು ನನಗೆ ಅನ್ನಿಸುವುದಿಲ್ಲ, ಆದರೆ ಉತ್ತರವನ್ನು ಮಾತ್ರ ಪೂರ್ತಿಯಾಗಿ ಬರೆದರು: "ಗಾಳಿ, ನೀರು, ಬೆಂಕಿ ಇವುಗಳ ಎದುರು ಹಟ ಮಾಡಬಾರದೆಂದು ನಮ್ಮ ಅವ್ವ ಹೇಳುತ್ತಿದ್ದಳು. ಬೆಳಗಾವಿಗೆ ರೈಲು ಇದೆ, ಬಸ್ಸು ಇದೆ. ಈಗಿನ ಮಕ್ಕಳಿಗೆ ತಲುಪುವುದಕ್ಕಿಂತ ಹೋಗುವುದೇ ದೊಡ್ಡದಾಗಿದೆ. ಕಳೆದ ದೀಪಾವಳಿಗೆ ನಾನು ಕೈಯಾರೆ ಹೆಣೆದುಕೊಟ್ಟ ಮಫ್ಲರನ್ನಾದರೂ ಕುತ್ತಿಗೆಗೆ ಸುತ್ತಿಕೊಳ್ಳುತ್ತಾಳೋ ಇಲ್ಲವೋ, ಯಾರಿಗೆ ಗೊತ್ತು."

ಠಾಣೆಯ ಮಾಮಾ ಬ್ಯಾಂಕಿನ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ನಿವೃತ್ತಿಯಾದದ್ದು ಅವರೇ ಹೊರತು ತಪಾಸಣೆಯಲ್ಲ. "ಈ 200 ಕಿಲೋವನ್ನು ತೂಗಿದವರು ಯಾರು, ಎಲ್ಲಿ, ಯಾವಾಗ? ಆಧಾರ ಕೊಡದ ಲೆಕ್ಕವನ್ನು ನಾನು ಬ್ಯಾಂಕಿನಲ್ಲಿಯೂ ಒಪ್ಪಿದವನಲ್ಲ. ಅಲ್ಲದೆ ಸಂದೇಶದ ಜೊತೆಗಿರುವ ಚಿತ್ರವನ್ನು ಯಾರಾದರೂ ನೋಡಿದ್ದೀರಾ? ಅದು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಸುರಂಗದ ಬಾಯಿ. ಆ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಬೈಕಿನವರು ಲೋಣಾವಳಾ ಘಾಟಿಗೆ ಹಳೆಯ ಹೆದ್ದಾರಿಯಿಂದಲೇ ಹೋಗಬೇಕು. ಹಾಗಿರುವಾಗ ಈ ಬೈಕು ಅಲ್ಲಿಗೆ ಬಂದದ್ದು ಹೇಗೆ?"

ಚಿತ್ರ ಕೇವಲ ಅಲಂಕಾರಕ್ಕೆ ಹಾಕಿದ್ದು, ಒಳಗಿನ ವಿಷಯವನ್ನು ನೋಡಬೇಕು ಎಂದು ಕಾಕಾ ಉತ್ತರಿಸಿದರು. ತಾನು ವಿಷಯವನ್ನೇ ಕೇಳುತ್ತಿದ್ದೇನೆ, ಆಧಾರ ಕೊಡಿ ಎಂದು ಮಾಮಾ ಬರೆದರು. ಕೆಲವರಿಗೆ ಎಲ್ಲದರಲ್ಲಿಯೂ ಕೊಂಕು ಹುಡುಕುವುದೇ ಕಸುಬು ಎಂದು ಕಾಕಾ ಯಾರ ಹೆಸರನ್ನೂ ಹೇಳದೆ ಬರೆದರು. ಹೆಸರು ಹೇಳದೆ ಬರೆದ ವಾಕ್ಯ ನಮ್ಮ ಗುಂಪಿನಲ್ಲಿ ಎಂದೂ ದಾರಿ ತಪ್ಪಿ ಬೇರೆಯವರ ಮನೆಗೆ ಹೋದದ್ದಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ತಂಗಿ ಉತ್ತರಿಸಿದಳು. ಆಕೆ ಚಾಕಣದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗದಲ್ಲಿದ್ದಾಳೆ, ಆದ್ದರಿಂದ ಉತ್ತರ ಉದ್ದವಾಗಿಯೇ ಇತ್ತು.

"ಕಾಕಾ, ಗಾಳಿ ತಳ್ಳುತ್ತದೆ ಎಂಬುದಷ್ಟೇ ಇದರಲ್ಲಿ ನಿಜ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದಾಗ ವೇಗ ಕಾಲುಭಾಗ ಹೆಚ್ಚುತ್ತದೆ, ಒತ್ತಡ ಮಾತ್ರ ಒಂದೂವರೆ ಪಟ್ಟನ್ನು ಮೀರುತ್ತದೆ. ಗಾಡಿಯನ್ನೂ ನೆಟ್ಟಗೆ ಕುಳಿತ ಸವಾರನನ್ನೂ ಸೇರಿಸಿ ಲೆಕ್ಕ ಹಾಕಿದರೆ 60ರಲ್ಲಿ ಸುಮಾರು 10 ಕಿಲೋ, 80ರಲ್ಲಿ 18 ಕಿಲೋ, 100ರಲ್ಲಿ 28 ಕಿಲೋ ತೂಕದಷ್ಟು ಒತ್ತುತ್ತದೆ. 200 ಕಿಲೋ ಆಗಬೇಕಾದರೆ ನಾನು 260ಕ್ಕೂ ಮೀರಿದ ವೇಗದಲ್ಲಿ ಓಡಿಸಬೇಕು. ನನ್ನ ಗಾಡಿಯನ್ನು ವಿಮಾನಕ್ಕೆ ಹೇರಿದರೆ ಮಾತ್ರ ಅದು ಆದೀತು.

"ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಿರಿ ಎಂಬುದು ಪೂರ್ತಿ ತಿರುವುಮುರುವಾದ ಸಲಹೆ. ಗಾಳಿ ನನ್ನ ಹೆಗಲನ್ನು ಅಲುಗಿಸುತ್ತದೆ. ಕೈ ಬಿಗಿಯಾಗಿದ್ದರೆ ಆ ಅಲುಗಾಟವೆಲ್ಲ ಹ್ಯಾಂಡಲಿಗೆ ಇಳಿದು ಗಾಡಿ ಹಾವಿನಂತೆ ಹೊರಳಲು ತೊಡಗುತ್ತದೆ, ಹೆದರಿ ಇನ್ನೂ ಬಿಗಿ ಹಿಡಿದರೆ ಇನ್ನೂ ಹೊರಳುತ್ತದೆ. ದೇಹವನ್ನು ನಿಲ್ಲಿಸುವ ಕೆಲಸ ಮೊಣಕಾಲಿನದ್ದು. ಎರಡೂ ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಒತ್ತಿ ಹಿಡಿದು, ಸೀಟಿನಲ್ಲಿ ತುಸು ಹಿಂದೆ ಸರಿದು, ಸೊಂಟದಿಂದ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮಡಿಸಿಕೊಂಡರೆ ಎದುರುಗಾಳಿಯೇ ಎದೆಯ ಭಾರವನ್ನು ಸ್ವಲ್ಪ ಹೊರುತ್ತದೆ, ತೋಳಿಗೆ ಕೆಲಸವಿರುವುದಿಲ್ಲ. ನಾನು ಆಗಾಗ ಮೊಣಕೈಗಳನ್ನು ಮೇಲೆ ಕೆಳಗೆ ಆಡಿಸಿ ನೋಡುತ್ತೇನೆ. ಆಡದಿದ್ದರೆ ನನಗೆ ಗೊತ್ತಿಲ್ಲದೆ ಕೈ ಬಿಗಿದಿದೆ ಎಂದರ್ಥ.

"ಹೆಲ್ಮೆಟ್ಟಿನ ಪಟ್ಟಿಯ ವಿಷಯವಂತೂ ಜೀವ ತೆಗೆಯುವ ಮಾತು. ಹೆಲ್ಮೆಟ್ ಮೇಲೇಳುವುದು ಅಳತೆ ಸರಿಯಿಲ್ಲದಿದ್ದಾಗ, ವೈಸರ್ ತೆರೆದಿದ್ದಾಗ, ಇಲ್ಲವೇ ಪಟ್ಟಿ ಸಡಿಲವಿದ್ದಾಗ. ಸಡಿಲ ಪಟ್ಟಿಯ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ರಸ್ತೆಗೆ ಹೋಗುತ್ತದೆ. ಇನ್ನು ಅತ್ಯಾ, ನಿಮ್ಮ ಮಫ್ಲರ್ ಬಹಳ ಬೆಚ್ಚಗಿದೆ, ಮನೆಯಲ್ಲಿ ಹಾಕಿಕೊಳ್ಳುತ್ತೇನೆ. ಆದರೆ ಹೆದ್ದಾರಿಯಲ್ಲಿ ಅದರ ತುದಿ ಬಿಚ್ಚಿ ಹಾರಿದರೆ ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಬ್ಯಾಗಿನ ಸಡಿಲ ಪಟ್ಟಿ, ಬಿಚ್ಚಿದ ಜಾಕೆಟ್ಟು, ದುಪಟ್ಟಾ ಎಲ್ಲಕ್ಕೂ ಇದೇ ಮಾತು."

ಇಷ್ಟು ಬರೆದದ್ದರಲ್ಲಿ ಗುಂಪು ಹಿಡಿದುಕೊಂಡದ್ದು ಮಫ್ಲರನ್ನು. ತಾನು ಎರಡು ತಿಂಗಳು ಕಣ್ಣು ನೋಯಿಸಿಕೊಂಡು ಹೆಣೆದದ್ದು ಮನೆಯಲ್ಲಿ ಕುಳಿತು ಟಿವಿ ನೋಡುವಾಗ ಹಾಕಿಕೊಳ್ಳಲಿಕ್ಕಲ್ಲ ಎಂದು ಅತ್ಯಾ ಬರೆದರು. ಅವರ ಸೊಸೆ, ಅಂದರೆ ನಮ್ಮ ವೈನಿ, ಅದರ ಕೆಳಗೆ ಒಂದು ಹೆಬ್ಬೆರಳನ್ನು ಒತ್ತಿ ಮುಂದಿನ ಆರು ತಾಸು ಕಾಣೆಯಾದರು. ಮಾಮಾ ಮಾತ್ರ ಅಂಕಿಗಳನ್ನು ಹಿಡಿದರು. ಕಾಕಾನ ಅಂಕಿಗೆ ಆಧಾರ ಕೇಳಿದವನು ಸೊಸೆಯಂಥ ಹುಡುಗಿಯ ಅಂಕಿಗೂ ಕೇಳಬೇಕಾಗುತ್ತದೆ, ನ್ಯಾಯ ಎಲ್ಲರಿಗೂ ಒಂದೇ ಎಂದರು. ತಂಗಿ ಸೂತ್ರವನ್ನೇ ಕಳುಹಿಸಿದಳು: ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿಲೋ, ಅದರ ಅರ್ಧವನ್ನು ಸೆಕೆಂಡಿಗೆ ಎಷ್ಟು ಮೀಟರ್ ಎಂದು ಅಳೆದ ವೇಗದ ವರ್ಗದಿಂದ ಗುಣಿಸಬೇಕು, ಬಂದದ್ದನ್ನು ಗಾಡಿ ಮತ್ತು ಸವಾರ ಗಾಳಿಗೆ ಒಡ್ಡುವ 0.6 ಚದರ ಮೀಟರಿನಿಂದ ಗುಣಿಸಬೇಕು, ಕೊನೆಗೆ 9.81ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸಂಜೆ ಐದರ ಸುಮಾರಿಗೆ ಮಾಮಾನ ಉತ್ತರ ಬಂತು. "ನೂರಕ್ಕೆ 28.3 ಬರುತ್ತದೆ. ನೀನು 28 ಎಂದು ಬರೆದದ್ದು ಏಕೆ?"

ಇದೇ ಹೊತ್ತಿಗೆ ವಾಸ್ಕೋದ ಅಣ್ಣ ಎಚ್ಚೆತ್ತರು. ಅಣ್ಣನಿಗೆ ಯಾವ ಚರ್ಚೆಯೂ ಹಳೆಯ ಕಾಲಕ್ಕೆ ಹೋಗುವ ಬಸ್ ನಿಲ್ದಾಣ. "ಈ ಜಾಕೆಟ್ಟು, ಸೂತ್ರ ಎಲ್ಲ ಆಗ ಎಲ್ಲಿದ್ದವು? ಕಾಕಾ ತಮ್ಮ ಯೆಜ್ಡಿಯ ಮೇಲೆ ಚಳಿಗಾಲದಲ್ಲಿ ಬೆಳಗಾವಿಯಿಂದ ನಿಪ್ಪಾಣಿಗೆ ಹೊರಡುವಾಗ ಅಂಗಿಯ ಒಳಗೆ ಸಂಯುಕ್ತ ಕರ್ನಾಟಕದ ಹಾಳೆಗಳನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಮೈಸೂರಿನಲ್ಲಿ ತಯಾರಾದ ಗಾಡಿ, ಎದೆಯ ಮೇಲೆ ಕನ್ನಡದ ಪೇಪರು; ಗಾಳಿ ಹತ್ತಿರ ಬರಲು ಹೆದರುತ್ತಿತ್ತು."

ಆ ಪೇಪರು ಸಂಯುಕ್ತ ಕರ್ನಾಟಕವಲ್ಲ, ಮರಾಠಿಯ ಸಕಾಳ್ ಎಂದು ಮಾಮಾ ತಿದ್ದಿದರು. ಬೆಳಗಾವಿಯಲ್ಲಿದ್ದು ತಾನು ಸಕಾಳ್ ತರಿಸುತ್ತಿದ್ದೆನೇ ಎಂದು ಕಾಕಾ ಕೇಳಿದರು, ಮತ್ತು ಅವರ ಸಿಟ್ಟಿನಲ್ಲಿ ಗಾಳಿಗಿಂತ ಗಡಿಯ ಬಿಸಿ ಹೆಚ್ಚಿತ್ತು. ಯಾವ ಭಾಷೆಯ ಪೇಪರಾದರೂ ಗಾಳಿಯನ್ನು ತಡೆಯುತ್ತದೆ, ಬಟ್ಟೆಯೊಳಗೆ ನುಸುಳುವ ಗಾಳಿಗೆ ಅಡ್ಡವಾಗಿ ನಿಂತು ಮೈಶಾಖವನ್ನು ಉಳಿಸುತ್ತದೆ ಎಂದು ತಂಗಿ ನಡುವೆ ಬರೆದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಹೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಣ್ಣ ಇನ್ನೊಂದು ಸಂದೇಶ ಹಾಕಿಯಾಗಿತ್ತು: "ಅಂದಹಾಗೆ ಆ ಯೆಜ್ಡಿಗೆ ಮುಂದೆ ಒಂದು ಗಾಜು ಇತ್ತಲ್ಲ, ಅದು ಏನಾಯಿತು?"

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಮದುವೆಮನೆಗಳಲ್ಲಿಯೂ ಕೇಳುವುದಿಲ್ಲ. ಮಾಮಾ ಒಮ್ಮೆ ಆ ಗಾಡಿಯನ್ನು ಗೋಕಾಕಿಗೆಂದು ಕೇಳಿ ಒಯ್ದಿದ್ದರು, ಮರಳಿ ಕೊಟ್ಟಾಗ ಗಾಜಿನಲ್ಲಿ ಬಿರುಕಿತ್ತು. ಬಿರುಕು ಮೊದಲೇ ಇತ್ತು ಎಂಬುದು ಮಾಮಾನ ಹೇಳಿಕೆ, ಇರಲಿಲ್ಲ ಎಂಬುದು ಕಾಕಾನದ್ದು. ಅಂದಿನಿಂದ ಇಬ್ಬರೂ ಒಬ್ಬರ ಗಾಡಿಯನ್ನು ಇನ್ನೊಬ್ಬರು ಹತ್ತಿದವರಲ್ಲ. "ಆಧಾರ ಕೇಳುವವರು ಆಗ ಗಾಡಿಯನ್ನು ಒಯ್ಯುವ ಮೊದಲು ಗಾಜನ್ನು ನೋಡಿ ಬರೆದುಕೊಡಬೇಕಿತ್ತು" ಎಂದು ಕಾಕಾ ಬರೆದರು. "ಒಡೆದ ಗಾಜಿನ ಗಾಡಿಯನ್ನು ಕೊಟ್ಟವರು ಇಂದು ಗಾಜಿಲ್ಲದ ಗಾಡಿಯ ಬಗ್ಗೆ ಉಪದೇಶ ಮಾಡುತ್ತಿದ್ದಾರೆ" ಎಂದು ಮಾಮಾ ಬರೆದರು. ಗುಂಪಿನ ಅಡ್ಮಿನ್ ಆಗಿ ನಾನು ಏನಾದರೂ ಹೇಳಬೇಕಿತ್ತು. ಚಹಾ ಮಾಡಲು ಎದ್ದೆ.

ತಂಗಿಗೆ ಒಂದು ಗುಣವಿದೆ, ಯಾರು ಎಲ್ಲಿಗೆ ಹೋದರೂ ತಾನು ಹಿಡಿದ ವಿಷಯವನ್ನು ಬಿಡುವುದಿಲ್ಲ. ಗಾಜಿನ ಜಗಳದಿಂದಲೇ ಎಳೆ ಹಿಡಿದು, ಗಾಜಿದ್ದರೆ ಎಲ್ಲ ಸುಖ ಎಂಬುದೂ ಪೂರ್ತಿ ನಿಜವಲ್ಲ ಎಂದು ಬರೆದಳು. ಗಿಡ್ಡ ಗಾಜು ಎದೆಯನ್ನು ಉಳಿಸಿ, ಸುಳಿಗಾಳಿಯನ್ನು ನೇರವಾಗಿ ಹೆಲ್ಮೆಟ್ಟಿಗೆ ಎತ್ತಿ ಹಾಕುತ್ತದೆ. ತಲೆ ಗಡಗಡ ನಡುಗುತ್ತದೆ, ಸದ್ದು ಹೆಚ್ಚುತ್ತದೆ. ಗಾಜೇ ಇಲ್ಲದ ಬೈಕಿನಲ್ಲಿ ತಳ್ಳು ಹೆಚ್ಚು, ಆದರೆ ಬರುವ ಗಾಳಿ ಸಮನಾಗಿರುತ್ತದೆ. ನೂರರ ಹತ್ತಿರ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ಸುಮಾರು 100 ಡೆಸಿಬೆಲ್ ಮುಟ್ಟುವುದರಿಂದ ತಾನು ದೂರದ ಓಟಕ್ಕೆ ಕಿವಿಗೆ ಫೋಮಿನ ಬಿರಡೆ ಇಟ್ಟುಕೊಳ್ಳುತ್ತೇನೆ, ಹಾರ್ನ್ ಆಗಲೂ ಕೇಳುತ್ತದೆ ಎಂದಳು. ಹಾಗಾದರೆ ತನ್ನ ಫೋನು ಕೇಳುವುದು ಹೇಗೆ ಎಂದು ಅತ್ಯಾ ಕೇಳಿದರು. ಓಡಿಸುವಾಗ ಕೇಳಬಾರದು ಎಂಬುದೇ ಉದ್ದೇಶ ಎಂದು ಬರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಲಾರಿಯ ಬಗ್ಗೆ ಅವಳು ಬರೆದದ್ದನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಅದೇ ರಸ್ತೆಯಲ್ಲಿ ನಾನೂ ಓಡಾಡುತ್ತೇನೆ. "ಲಾರಿಯ ಬೆನ್ನಿಗೆ ಹೋದರೆ ಗಾಳಿ ಕಡಿಮೆ, ಹೌದು. ಆದರೆ ಅಷ್ಟು ಹತ್ತಿರ ಹೋದರೆ ಅದರ ಚಕ್ರದಡಿಯಿಂದ ಬರುವ ಗುಂಡಿ ನನಗೆ ಕಾಣುವುದಿಲ್ಲ, ಅದು ಬ್ರೇಕ್ ಹಾಕಿದರೆ ನನಗೆ ಜಾಗ ಉಳಿಯುವುದಿಲ್ಲ. 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತೇನೆ. ಮಳೆಗಾಲದಲ್ಲಿ ಪುಣೆಯಿಂದ ಸಾತಾರೆಯ ಕಡೆಗೆ ಇಳಿಯುವಾಗ ನೈಋತ್ಯದ ಗಾಳಿ ಬಲಮುಂದಿನಿಂದ ಬರುತ್ತದೆ. ಆಗ ಬಲಗೈಯ ಹಿಡಿಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿದರೆ ಗಾಡಿ ಬಲಕ್ಕೆ, ಅಂದರೆ ಗಾಳಿಯ ಕಡೆಗೆ, ವಾಲಿಕೊಂಡು ನೇರವಾಗಿ ಸಾಗುತ್ತದೆ. ಮರಳಿ ಬರುವಾಗ ಗಾಳಿ ಎಡಹಿಂದಿನಿಂದ ಬರುತ್ತದೆ, ಕಷ್ಟ ಇರುವುದು ಅಲ್ಲಿ. ಲಾರಿಯನ್ನು ಬಲಬದಿಯಿಂದ ದಾಟುವಾಗ ಅದು ಎಡಗಾಳಿಯನ್ನು ಪೂರ್ತಿ ತಡೆಯುತ್ತದೆ, ವಾಲಿಕೊಂಡಿದ್ದ ಗಾಡಿ ಲಾರಿಯ ಕಡೆಗೆ ಎಳೆದಂತಾಗುತ್ತದೆ. ಮೂತಿ ದಾಟಿದೊಡನೆ ಲಾರಿ ಸೀಳಿದ ಗಾಳಿಯೂ ತಡೆದಿದ್ದ ಗಾಳಿಯೂ ಒಟ್ಟಿಗೆ ಬಂದು ಡಿವೈಡರಿನ ಕಡೆಗೆ ತಳ್ಳುತ್ತವೆ. ಅದು ಬರುವುದು ಗೊತ್ತಿದ್ದು, ಕೈ ಸಡಿಲವಿದ್ದು, ಲಾರಿಗೂ ಡಿವೈಡರಿಗೂ ನಡುವೆ ಜಾಗ ಬಿಟ್ಟುಕೊಂಡಿದ್ದರೆ ಅರ್ಧ ಅಡಿ ಸರಿದು ಗಾಡಿ ತಾನಾಗಿ ಸುಧಾರಿಸಿಕೊಳ್ಳುತ್ತದೆ. ಕಾತ್ರಜದ ಹೊಸ ಸುರಂಗದಿಂದ ಹೊರಬೀಳುವಾಗ, ನೀರಾ ನದಿಯ ಸೇತುವೆಯ ಮೇಲೆ, ಗುಡ್ಡ ಕಡಿದ ಜಾಗ ಮುಗಿಯುವಲ್ಲಿಯೂ ಹೀಗೆಯೇ."

ಇದಕ್ಕೆ ಒಂದೇ ಒಂದು ಉತ್ತರ ಬಂತು, ಅದೂ ಅಣ್ಣನಿಂದ: ನೀರಾ ಸೇತುವೆಯ ಆಚೆ ಹಿಂದೆ ಒಳ್ಳೆಯ ವಡಾಪಾವ್ ಸಿಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮಾಮಾ ಆಧಾರಗಳೊಂದಿಗೆ ಬಂದರು. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮಿನಲ್ಲಿ ಹೆಲ್ಮೆಟ್ಟನ್ನು ಪಟ್ಟಿಯಿಂದ ಭದ್ರವಾಗಿ ಕಟ್ಟಿರಬೇಕೆಂದೇ ಇದೆ, ಆದ್ದರಿಂದ ಪಟ್ಟಿ ಸಡಿಲ ಬಿಡಿ ಎಂಬ ಸಂದೇಶವನ್ನು ಹಂಚಿದವರು ಕಾನೂನು ಮುರಿಯಲು ಹೇಳಿದಂತಾಯಿತು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದರು. ಆದರೆ ತಪಾಸಣೆಯವರಿಗೆ ನಿಲ್ಲಿಸುವುದು ಬರುವುದಿಲ್ಲ. 2018ರ ಕೇಂದ್ರದ ಅಧಿಸೂಚನೆಯಂತೆ ಡಿವೈಡರ್ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟರ್‌ಸೈಕಲ್ಲಿನ ಮಿತಿ ಗಂಟೆಗೆ 80 ಕಿಲೋಮೀಟರ್ ಎಂದೂ ಸೇರಿಸಿದರು.

ಕಾಕಾ ಅದನ್ನೇ ಕಾಯುತ್ತಿದ್ದವರಂತೆ ಹಿಡಿದರು. "ನೋಡಿದಿರಾ? 100ರ ಲೆಕ್ಕವನ್ನು ಇವಳು ಏಕೆ ಹಾಕಿದಳು? ನಾನು ಕಳುಹಿಸಿದ್ದು ನಿಧಾನವಾಗಿ ಹೋಗಲಿ ಎಂದೇ." ಅವರು ಕಳುಹಿಸಿದ್ದರಲ್ಲಿ ನಿಧಾನ ಎಂಬ ಮಾತು ಎಲ್ಲಿಯೂ ಇರಲಿಲ್ಲ, ಆದರೆ ಅವರ ಹೊಟ್ಟೆಯಲ್ಲಿದ್ದದ್ದು ಅದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ತಂಗಿ ಒಪ್ಪಿಕೊಂಡಳು: ಎದುರುಗಾಳಿ 20 ಇದ್ದರೆ 80ರಲ್ಲಿಯೇ ಮೈಗೆ 100ರ ಗಾಳಿ ಹೊಡೆಯುತ್ತದೆ, ಅದಕ್ಕಾಗಿ ಆ ಲೆಕ್ಕ; ಗಾಳಿ ಜೋರಾದ ದಿನ ತಾನು 70ಕ್ಕೆ ಇಳಿಯುತ್ತೇನೆ, ಏಕೆಂದರೆ 10 ಕಿಲೋಮೀಟರ್ ಕಡಿಮೆ ಮಾಡಿದರೂ ಗಾಳಿಯ ತಳ್ಳು ಚೆನ್ನಾಗಿ ಇಳಿಯುತ್ತದೆ. 70ಕ್ಕೆ ಇಳಿಯುತ್ತೇನೆ ಎಂಬ ಆ ತುಂಡನ್ನು ಮಾತ್ರ ಕಾಕಾ ಕತ್ತರಿಸಿ, ಅಪ್ಪನಿಗೂ ಬೆಳಗಾವಿಯ ಅಜ್ಜಿಗೂ ಬೇರೆಯಾಗಿ ಕಳುಹಿಸಿದರು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದಾಗ ಅಣ್ಣ ಒಂದು ಹಳೆಯ ಫೋಟೋ ಹಾಕಿದರು. ಬೆಳಗಾವಿಯ ಮನೆಯ ಅಂಗಳ, ಯೆಜ್ಡಿ, ಟ್ಯಾಂಕಿನ ಮೇಲೆ ಕುಳಿತ ಪುಟ್ಟ ಅಣ್ಣ. ಗೋಕಾಕಿಗೆ ಒಯ್ಯುವ ಮೊದಲಿನ ಚಿತ್ರ ಇದೆಂದು ಕಾಕಾ, ನಂತರದ್ದೆಂದು ಮಾಮಾ. ಎಲ್ಲರೂ ಹಿಗ್ಗಿಸಿ ನೋಡಿದರು. ಗಾಜು ಇದೆ, ಬಿಸಿಲಿಗೆ ಹೊಳೆಯುತ್ತಲೂ ಇದೆ, ಆದರೆ ಬಿರುಕು ಇರಬೇಕಾದ ಎಡಮೂಲೆಗೆ ಸರಿಯಾಗಿ ಅಣ್ಣನ ತಲೆ ಅಡ್ಡ ಬಂದಿದೆ. ಇದರ ನೆಗೆಟಿವ್ ಯಾರ ಬಳಿ ಇದೆ ಎಂದು ಮಾಮಾ ಕೇಳಿದ್ದಾರೆ.