ಅಪ್‌ಡೇಟ್: 'ಅಕ್ಕನಿಗೆ ನಾನು ಬೇಡ' ಅನ್ನೋ ಯೋಚನೆ ಏನಾಯಿತು

ಅಕ್ಕ ಮೆಸೇಜಿಗೆ ಉತ್ತರ ಕೊಡದಿದ್ದರೆ 'ಅವಳಿಗೆ ನಾನು ಬೇಡ' ಅಂತ ರಾತ್ರಿಯಿಡೀ ಕೊರೆಯುತ್ತದೆ, ಏನು ಮಾಡಲಿ ಅಂತ 10 ದಿನದ ಹಿಂದೆ ಕೇಳಿದ್ದೆ. 'ಒಳ್ಳೆಯದನ್ನೇ ಯೋಚಿಸು' ಅನ್ನೋದು ನಡೆಯಲಿಲ್ಲ, ಮನಸ್ಸು ನಂಬಲೇ ಇಲ್ಲ. ಕೆಲಸಕ್ಕೆ ಬಂದದ್ದು ಅಮೆರಿಕದ ಲೇಖಕಿ ಬೈರನ್ ಕೇಟಿ ಅವರ ನಾಲ್ಕು ಪ್ರಶ್ನೆ: ಇದು ನಿಜವಾ, ಖಂಡಿತ ನಿಜ ಅಂತ ಗೊತ್ತಾ, ನಂಬಿದಾಗ ಹೇಗೆ ಆಡುತ್ತೇನೆ, ಈ ಯೋಚನೆಯೇ ಇಲ್ಲದಿದ್ದರೆ ಹೇಗಿರುತ್ತಿದ್ದೆ. ಮನಸ್ಸಿನಲ್ಲೇ ಕೇಳಿಕೊಂಡರೆ ಸುಮ್ನೆ ವಾದ ಶುರುವಾಗುತ್ತಿತ್ತು, ಹಾಳೆ ಮೇಲೆ ಬರೆದಾಗಲೇ ಹಿಡಿತಕ್ಕೆ ಸಿಕ್ಕಿತು. ಮೂರನೆಯದಕ್ಕೆ ಉತ್ತರ ಬರೆಯುವಾಗ ನಾಚಿಕೆಯಾಯಿತು. ಸಿಟ್ಟಿನಲ್ಲಿ ನಾನೇ ಅವಳ ಫೋನ್ ಎರಡು ಸಲ ಎತ್ತಿರಲಿಲ್ಲ, ಅಲ್ವಾ! ಕೊನೆಗೆ ವಾಕ್ಯ ತಿರುಗಿಸಿ 'ನನಗೆ ಅವಳು ಬೇಡ' ಅಂತ ಬರೆದೆ. ಅದೇ ಜಾಸ್ತಿ ನಿಜ ಅನ್ನಿಸಿತು. ಮರುದಿನ ನಾನೇ ಫೋನ್ ಮಾಡಿದೆ. ಯೋಚನೆ ಈಗಲೂ ಬರುತ್ತದೆ, ನಿದ್ದೆ ಮಾತ್ರ ಕೆಡಿಸುತ್ತಿಲ್ಲ.