ಕೋರ್ಟ್ ಆದೇಶದ ಮೇಲೆ ಮಾನಸಿಕ ಆಸ್ಪತ್ರೆಯಿಂದ ಮನೆಗೆ: ಏನೇನು ತಯಾರಿ ಬೇಕು?

ಅಘನಾಶಿನಿ, ಕುಮಟಾ
ಕಾನೂನು ನೆರವಿನ ಸ್ವಯಂಸೇವಕಿಯಾಗಿ ಕೇಳ್ತಿದ್ದೇನೆ. ಕೃತ್ಯದ ವೇಳೆ ಬುದ್ಧಿಸ್ವಾಸ್ಥ್ಯ ಇರಲಿಲ್ಲ ಎಂದು ಕೋರ್ಟಿನಲ್ಲಿ ಖುಲಾಸೆಯಾದವರೊಬ್ಬರು ಈಗ ಧಾರವಾಡದ ಆಸ್ಪತ್ರೆಯಲ್ಲಿದ್ದಾರೆ. ಅಣ್ಣ ಕರೆತರಲು ಸಿದ್ಧ. ಕ್ಲೋಜಪಿನ್ (ತೀವ್ರ ಮನೋರೋಗಕ್ಕೆ ಕೊಡುವ ಗುಳಿಗೆ) ದಿನಕ್ಕೆ 300 ಮಿ.ಗ್ರಾಂ. ಮತ್ತೆ ಮೀನು ಹಿಡಿಯುವ ಬೋಟಿಗೆ ಹೋಗ್ತೇನೆ ಅಂತಾರೆ.

ವಕೀಲರು, ಕಾರವಾರ
ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 374ನೇ ಕಲಮಿನಡಿ (ಹಳೆಯ ಸಿಆರ್‌ಪಿಸಿ 335) ಅಣ್ಣನೇ ಅರ್ಜಿ ಹಾಕಬೇಕು. ಚೆನ್ನಾಗಿ ನೋಡಿಕೊಳ್ಳುತ್ತೇನೆ, ಅವರಿಗೂ ಬೇರೆಯವರಿಗೂ ಅಪಾಯವಾಗಲು ಬಿಡುವುದಿಲ್ಲ ಎಂದು ಭದ್ರತೆ ಬರೆದುಕೊಡಬೇಕು. ಹೇಳಿದ ದಿನ ಹೇಳಿದ ಅಧಿಕಾರಿಯೆದುರು ಹಾಜರುಪಡಿಸಬೇಕು. ಎಡವುವುದು ಇಲ್ಲೇ. ಹಾಜರಿ ಜಾಗ ದೂರವಿದ್ದರೆ ಮಳೆಗಾಲದಲ್ಲಿ ತಪ್ಪುತ್ತದೆ, ಹತ್ತಿರದ್ದನ್ನು ಮೊದಲೇ ಕೇಳಿಕೊಳ್ಳಿ.

ಮನೋರೋಗ ವಿಭಾಗದ ನರ್ಸ್, ಶಿರಸಿ
ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಮತ್ತೆ 300 ನುಂಗಿಸಬೇಡಿ. ಬಿಪಿ ಕುಸಿದು ಬೀಳುತ್ತಾರೆ, ಫಿಟ್ಸ್ ಬರಬಹುದು. ವೈದ್ಯರು 12.5ರಿಂದ ಮತ್ತೆ ಏರಿಸಬೇಕು. ಧಾರವಾಡದ ದಾರಿಯ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಾದರೆ? ಅದಕ್ಕೇ ಒಂದು ವಾರದ ಗುಳಿಗೆ ಹೆಚ್ಚಿಗೆ ಇರಲಿ.

ಈ ಗುಳಿಗೆಯಿಂದ ಬಿಳಿ ರಕ್ತಕಣ ಇಳಿಯಬಹುದು, ಅದಕ್ಕೇ ರಕ್ತಪರೀಕ್ಷೆ ಶುರುವಿನ 18 ವಾರ ವಾರಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ. ಜ್ವರ, ಗಂಟಲುನೋವು ಬಂದರೆ ಅದೇ ದಿನ ಮಾಡಿಸಿ. ಮಲಬದ್ಧತೆಯನ್ನು ಹಗುರವಾಗಿ ಕಾಣಬೇಡಿ, ಜೀವಕ್ಕೇ ಅಪಾಯವಾಗಬಹುದು.

ಬಹಳ ಜನ ಮರೆಯುವುದು ಬೀಡಿ. ವಾರ್ಡಿನಲ್ಲಿ ಬೀಡಿಯಿಲ್ಲದೆ ಹೊಂದಿಸಿದ ಡೋಸ್ ಅದು. ಮನೆಗೆ ಬಂದು ಮತ್ತೆ ಸೇದಿದರೆ, ಹೊಗೆಯಿಂದ ರಕ್ತದಲ್ಲಿ ಔಷಧದ ಮಟ್ಟ ಇಳಿದು ಕಾಯಿಲೆ ಮರುಕಳಿಸಬಹುದು. ವೈದ್ಯರಿಂದ ಮುಚ್ಚಿಡಬೇಡಿ.

ಸಮಾಜ ಕಾರ್ಯಕರ್ತ, ಅಂಕೋಲಾ
ನಾಲ್ಕೈದು ದಿನ ಕಡಲಲ್ಲೇ ಇರುವ ಬೋಟು ಈಗಲೇ ಬೇಡ. ನಿದ್ದೆ ಕೆಡುತ್ತದೆ, ಮಂಪರಿನಲ್ಲಿ ವಿಂಚಿನ (ಬಲೆ ಎಳೆಯುವ ಯಂತ್ರದ) ಹಗ್ಗದ ಹತ್ತಿರ ನಿಲ್ಲುವುದು ಅಪಾಯ. ದಡದಲ್ಲಿ ಬಲೆ ಹೆಣೆಯುವ ಕೆಲಸದಿಂದ ಶುರು ಮಾಡಲಿ. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲೂ ಆ ಕೆಲಸ ಇರುತ್ತದೆ.

ಈಗ ಚೆನ್ನಾಗಿರುವಾಗಲೇ ಅವರ ಮಾತಿನಲ್ಲೇ ಒಂದು ಹಾಳೆ ಬರೆಸಿ: "ಎರಡು ರಾತ್ರಿ ನಿದ್ದೆ ಬರಲಿಲ್ಲ, ಅಮ್ಮ ಬಡಿಸಿದ ಅನ್ನ ಮುಟ್ಟಲಿಲ್ಲ ಅಂದ್ರೆ ಅಣ್ಣ ಡಾಕ್ಟರಿಗೆ ಫೋನ್ ಮಾಡಲಿ." ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ಅದರಡಿ ಇರಲಿ.

ಇನ್ನೊಂದು. ಕಾಯಿಲೆ ಇಳಿದ ಮೇಲೆ ನಡೆದದ್ದು ಅರಿವಿಗೆ ಬಂದು ಮನಸ್ಸು ಕುಸಿಯುತ್ತದೆ, ಸಾಯುವ ಯೋಚನೆಯೂ ಬರಬಹುದು. "ಅದನ್ನೆಲ್ಲ ಮರ್ತುಬಿಡು" ಎಂದು ಬಾಯಿ ಮುಚ್ಚಿಸಬೇಡಿ, ಹೇಳಲು ಬಿಡಿ.

ಅಘನಾಶಿನಿ
ಗುಳಿಗೆ ಅತ್ತಿಗೆ ಕೊಟ್ಟರೆ ಆಗ್ತದಾ?

ಮನೋರೋಗ ವಿಭಾಗದ ನರ್ಸ್, ಶಿರಸಿ
ಡಬ್ಬಿಯಿಂದ ಅವರೇ ತೆಗೆದುಕೊಳ್ಳಲಿ, ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಲಿ. ಅತ್ತಿಗೆ ರಾತ್ರಿ ಒಮ್ಮೆ ನೋಡಿದರೆ ಸಾಕು.