ಪದಚರ್ಚೆ: ವೆಬ್‌ಸೈಟ್ ಹ್ಯಾಕ್ ಆದಾಗ ಕಾಣುವುದು ಮುನ್ಸೂಚನೆಯೋ, ಕುರುಹೋ?

ಎಲ್ಲರಿಗೂ ನಮಸ್ಕಾರ.

ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಸಣ್ಣ ಅಂಗಡಿಯವರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಸ್ವಂತ ವೆಬ್‌ಸೈಟ್ ಇದೆ, ಆದರೆ ಅದನ್ನು ನೋಡಿಕೊಳ್ಳಲು ಯಾರೂ ಇಲ್ಲ, ಅಂಥವರಿಗೆ. ಸೈಟ್ ಹ್ಯಾಕ್ ಆಗಿದೆ ಅಂತ ಹೇಗೆ ಗುರುತಿಸುವುದು ಎಂಬುದೇ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಮುನ್ಸೂಚನೆ. ಥಟ್ಟನೆ ಬಾಯಿಗೆ ಬರುವ ಪದ. ಆದರೆ ಮಳೆಯ ಮುನ್ಸೂಚನೆ ಅಂದರೆ ಮಳೆ ಇನ್ನೂ ಬಂದಿಲ್ಲ ಅಂತ ಅಲ್ವಾ? ಇಲ್ಲಿ ಹಾಗಲ್ಲ. ಗೂಗಲ್‌ನಲ್ಲಿ ಹುಡುಕಿದಾಗ ಅಂಗಡಿ ಹೆಸರಿನ ಜೊತೆ 'ಈ ಸೈಟ್ ಹ್ಯಾಕ್ ಆಗಿರಬಹುದು' ಎಂಬ ಸಾಲು ಬಂದರೆ, ಅಥವಾ ಕ್ರೋಮ್ ಇಡೀ ಪರದೆ ಕೆಂಪು ಮಾಡಿ ತಡೆದರೆ, ಕಳ್ಳ ಆಗಲೇ ಒಳಗೆ ಬಂದಿದ್ದಾನೆ. ಮುನ್ಸೂಚನೆ ಎಂದು ಓದಿದವರು ಇನ್ನೂ ಟೈಮ್ ಇದೆ ಅಂದುಕೊಳ್ಳುತ್ತಾರೆ. ಅದೇ ನನಗೆ ಭಯ. ಲಕ್ಷಣ ಪರವಾಗಿಲ್ಲ. ಆದರೆ ಮನಸ್ಸಿಗೆ ಹಿಡಿಸಿದ್ದು ಕುರುಹು. ನಾವು ಸೇರಿಸದೇ ಇರುವ ಅಡ್ಮಿನ್ ಹೆಸರೊಂದು ವರ್ಡ್‌ಪ್ರೆಸ್‌ನಲ್ಲಿ (ಸೈಟ್ ನಡೆಸುವ ತಂತ್ರಾಂಶದಲ್ಲಿ) ಕೂತಿರುತ್ತದೆ. ನಾವು ಮುಟ್ಟದ ಫೈಲ್‌ನಲ್ಲಿ ನಿನ್ನೆ ರಾತ್ರಿಯ ತಾರೀಖು ಇರುತ್ತದೆ. ಇವೆಲ್ಲ ಬಂದವರು ಬಿಟ್ಟುಹೋದ ಕುರುಹುಗಳೇ. ಈ ಪದ ವ್ಯಾಪಾರಿಗಳಿಗೆ ಬಳಕೆಯಲ್ಲಿದೆಯಾ, ಅಥವಾ ಬರೀ ಬರವಣಿಗೆಯ ಪದವಾಗಿ ಉಳಿದಿದೆಯಾ?

ಎರಡನೆಯದು ಕನ್ನ. 'ಬ್ಯಾಂಕ್ ಖಾತೆಗೆ ಕನ್ನ' ಎಂದು ಪತ್ರಿಕೆಗಳು ಬರೆಯುತ್ತವೆ, ಅಲ್ಲಿ ಸರಿ. ಕನ್ನ ಹಾಕಿದರೆ ಏನಾದರೂ ಕಳುವಾಗಿರಬೇಕು. ಸೈಟ್‌ಗಳ ಕಥೆ ಎಷ್ಟೋ ಸಲ ಉಲ್ಟಾ. ಏನೂ ಹೋಗಿರುವುದಿಲ್ಲ, ಬೇಡದ್ದು ಬಂದು ಸೇರಿರುತ್ತದೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಮ್ಮ ವಿಳಾಸ ಟೈಪ್ ಮಾಡಿದರೆ ಗೂಗಲ್‌ಗೆ ಗೊತ್ತಿರುವ ನಮ್ಮ ಪುಟಗಳು ಬರುತ್ತವೆ. ಸೀರೆ ಅಂಗಡಿಯ ಸೈಟ್ ಅಂದುಕೊಳ್ಳಿ. ಇರಬೇಕಾದ್ದು ಹತ್ತಿಪ್ಪತ್ತು ಪುಟ. ಬರುವುದು ಸಾವಿರಾರು, ಅದೂ ಜಪಾನಿ ಲಿಪಿಯಲ್ಲಿ, ಯಾವುದೋ ನಕಲಿ ಬ್ರ್ಯಾಂಡ್ ಮಾಲಿನ ಜಾಹೀರಾತು. ಮುಖಪುಟ ಮಾತ್ರ ಮೊದಲಿನಂತೆಯೇ ಇರುತ್ತದೆ. ಇದನ್ನು ಕನ್ನ ಅನ್ನಲು ನನಗೆ ಮನಸ್ಸಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕೂಡ ಸೈಟ್‌ನ ಮುಖ ಕೆಡಿಸುವುದನ್ನು ಮಾತ್ರವಲ್ಲ, ಒಳಗೆ ಕೋಡ್ ತುರುಕುವುದು, ಹೊರಗಿನ ಲಿಂಕ್ ಸೇರಿಸುವುದನ್ನೂ 6 ಗಂಟೆಯೊಳಗೆ ತನಗೆ ತಿಳಿಸಬೇಕಾದ ಘಟನೆಗಳ ಸಾಲಿಗೆ ಸೇರಿಸಿದೆ. 'ಹ್ಯಾಕ್ ಆಗಿದೆ' ಎಲ್ಲರಿಗೂ ಅರ್ಥವಾಗುತ್ತದೆ, ಅದನ್ನೇ ಇಟ್ಟುಕೊಳ್ಳುತ್ತೇನೆ. ಗಿರಾಕಿಗಳ ಫೋನ್ ನಂಬರ್, ಪಾಸ್‌ವರ್ಡ್ ಕದ್ದಿದ್ದರೆ ಮಾತ್ರ ಕನ್ನ.

ಹೆಚ್ಚು ಕಾಡುತ್ತಿರುವುದು ರೀಡೈರೆಕ್ಟ್. ಗಿರಾಕಿ ಮೊಬೈಲ್‌ನಲ್ಲಿ ಗೂಗಲ್ ಮೂಲಕ ಬಂದರೆ ಜೂಜಿನ ಸೈಟ್ ತೆರೆಯುತ್ತದೆ. ಮಾಲೀಕರು ತಮ್ಮ ಕಂಪ್ಯೂಟರ್‌ನಲ್ಲಿ ನೇರವಾಗಿ ವಿಳಾಸ ಹಾಕಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ಎಲ್ಲಿಂದ ಬಂದರು, ಯಾವ ಸಾಧನ ಎಂದು ನೋಡಿಯೇ ಕಳ್ಳರು ತುರುಕಿದ ಕೋಡ್ ಹೀಗೆ ಮಾಡುತ್ತದೆ. ಗಿರಾಕಿ ದೂರಿದರೆ "ನಮಗೆ ಸರಿಯಾಗೇ ಬರ್ತಿದೆಯಲ್ಲ ಸಾರ್" ಎಂಬ ಉತ್ತರ. ಇಬ್ಬರ ಮಾತೂ ನಿಜ. ಹಾಗಾಗಿ ಈ ಕುರುಹನ್ನು ಕರಪತ್ರದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

'ಮರುನಿರ್ದೇಶನ' ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. 'ಬೇರೆ ಕಡೆ ಕರ್ಕೊಂಡು ಹೋಗುತ್ತೆ' ಅನ್ನುತ್ತಾರೆ ಜನ. 'ಡೈವರ್ಟ್ ಆಗ್ತಿದೆ' ಅಂತಲೂ ಕೇಳಿದ್ದೇನೆ. ಬೆಂಗಳೂರಿನವರಿಗೆ ಡೈವರ್ಷನ್ ಗೊತ್ತಿಲ್ಲದ ಪದವಲ್ಲ. ಆದರೆ ಅದರಲ್ಲಿ ಮೋಸದ ಅರ್ಥ ಇಲ್ಲ. 'ದಾರಿ ತಪ್ಪಿಸುವುದು' ಎಂಬುದರಲ್ಲಿ ಅದು ಇದೆ, ಆದರೆ ತಲೆಬರಹಕ್ಕೆ ಉದ್ದವಾಯಿತು. ನಿಮ್ಮ ಊರಲ್ಲಿ, ಅಂಗಡಿ ಸಾಲಲ್ಲಿ ಇದಕ್ಕೆ ಏನಂತಾರೆ? ಹುಬ್ಬಳ್ಳಿ, ಮಂಗಳೂರು ಕಡೆಯವರೂ ದಯವಿಟ್ಟು ತಿಳಿಸಿ.